ಬಂಡಿ ನಿಂತಿರಬೇಕು

ಶಿಡ್ಲಘಟ್ಟದ ರಾಮಾಂಜಿನಪ್ಪನ ಪ್ರಾಣಕ್ಕೆ ಬಂದದ್ದು ಎರಡೇ ಎರಡು ಪದ. ಅವನ್ನು ಹೊತ್ತು ತಂದವನು ಮದುವೆ ದಲ್ಲಾಳಿ ಆವುಲಪ್ಪ. ಭಾನುವಾರ ಬೆಳಗಿನ ಮೊದಲ ಬಸ್ಸಿನಲ್ಲಿ ತಂದು, ಜಗಲಿಯ ಮೇಲೆ ಇಳಿಸಿ, ಒಂದು ಲೋಟ ಕಾಫಿ ಕುಡಿದು, ಚಿಂತಾಮಣಿ ಬಸ್ಸು ಹತ್ತಿ ಹೊರಟೇಹೋದ.

“ಗೌರಿಬಿದನೂರಿನ ವೆಂಕಟರವಣಪ್ಪನೋರು ಇವತ್ತು ಸಾಯಂಕಾಲ ನಾಲ್ಕಕ್ಕೆ ಮನೆ ನೋಡಕ್ಕೆ ಬರ್ತಾರೆ. ಜಮೀನು ಎಷ್ಟೈತೆ ಅಂತ ಕೇಳಲ್ಲ, ಸಂಬಳ ಎಷ್ಟು ಅಂತ ಕೇಳಲ್ಲ. ಅವರದು ಒಂದೇ ಮಾತು, ಬಂಡಿ ನಿಂತಿರ್ಬೇಕು!”

ಆ ಕಡೆ ಮನೆಮಾತು ಅರ್ಧ ತೆಲುಗು. ಎತ್ತಿನ ಗಾಡಿಯೂ ಬಂಡಿ, ಮೋಟಾರು ಕಾರೂ ಬಂಡಿ. ಇಲ್ಲಿ ಬಂಡಿ ಎಂದರೆ ರಾಮಾಂಜಿನಪ್ಪನ ಸೋದರಮಾವ ಬಿಟ್ಟುಹೋದ ಕಾರು. ಕೋಲಾರದ ಚಿನ್ನದ ಗಣಿಯಲ್ಲಿದ್ದ ಇಂಗ್ಲಿಷಿನವನೊಬ್ಬ ಊರಿಗೆ ಹೊರಟಾಗ ಹರಾಜಿನಲ್ಲಿ ಕೊಂಡದ್ದು. ಹೆಸರಿನ ಬಿಲ್ಲೆ ಬಿದ್ದುಹೋಗಿ ಯಾವ ಕಂಪನಿಯದೆಂದು ಯಾರಿಗೂ ನೆನಪಿರಲಿಲ್ಲ. ಎಂಜಿನ್ನು ಮಾತ್ರ ಗಟ್ಟಿ. ಇಲ್ಲದ್ದು ಚಕ್ರ. ಮೂರು ವರ್ಷದ ಹಿಂದೆ ಟೈರು ಹರಿದಾಗ ರಾಮಾಂಜಿನಪ್ಪನ ತಾಯಿ ಅಶ್ವತ್ಥಮ್ಮ ಅವನ್ನು ಕೊಯ್ಯಿಸಿ ತೋಟದ ಆಳುಗಳಿಗೆಲ್ಲ ಚಪ್ಪಲಿ ಮಾಡಿಸಿದ್ದರು. ಕಬ್ಬಿಣದ ಚಕ್ರಗಳನ್ನು ಹಳೇ ಸಾಮಾನಿನವನಿಗೆ ಹಾಕಿ ಇಡ್ಲಿ ಪಾತ್ರೆ ತೆಗೆದುಕೊಂಡಿದ್ದರು. ಅಂದಿನಿಂದ ಕಾರು ಹಿತ್ತಲಿನಲ್ಲಿ ನಾಲ್ಕು ಕಲ್ಲುಗಳ ಮೇಲಿತ್ತು. ಮಗರಾಯ ಪ್ರತಿ ಭಾನುವಾರ ಅದರೊಳಗೆ ಕೂತು ಎಂಜಿನ್ನು ಶುರುಮಾಡಿ, ಹತ್ತು ನಿಮಿಷ ಹಾರನ್ನು ಹೊಡೆದು, ಇದ್ದಲ್ಲೇ ಇದ್ದು ಇಳಿದು ಬರುತ್ತಿದ್ದ.

ರೇಷ್ಮೆ ಇಲಾಖೆಯ ಗುಮಾಸ್ತನಾದ ಅವನು ವೆಂಕಟರವಣಪ್ಪನವರ ಮಗಳು ಲಕ್ಷ್ಮೀನರಸಮ್ಮನನ್ನು ನೋಡಿದ್ದು ವಿದುರಾಶ್ವತ್ಥದ ಒಂದು ಮದುವೆಯಲ್ಲಿ. ಅವಳು ಕೋಸಂಬರಿ ಬಡಿಸುತ್ತಾ ಬಂದು “ಸಾಕಾ?” ಎಂದಳು. ಇವನಿಗೆ ನಾಲಿಗೆ ಹೊರಳಲಿಲ್ಲ. ಅವಳು ಬಡಿಸುತ್ತಲೇ ಹೋದಳು, ಕೊನೆಗೆ ಅನ್ನ ಬಡಿಸಲು ಎಲೆಯಲ್ಲಿ ಜಾಗವೇ ಉಳಿಯಲಿಲ್ಲ. ಆಗ ಅವಳು ನಕ್ಕಳು. ಆ ನಗು ಕಂಡಮೇಲೆ ರಾಮಾಂಜಿನಪ್ಪನಿಗೆ ಬೇರೆ ಹುಡುಗಿಯೇ ಬೇಡವಾಗಿತ್ತು. ಈ ಸಂಬಂಧ ತಪ್ಪಿದರೆ ತಾನು ಸನ್ಯಾಸಿಯೇ ಎಂದು ಅವನು ತಾಯಿಗೆ ಹೇಳಿಬಿಟ್ಟಿದ್ದ.

“ನಿಂತಿರ್ಬೇಕು ಅಂದ್ರೆ ನಿಂತೇ ಐತಲ್ಲ ನಮ್ಮ ಬಂಡಿ, ಎಲ್ಲಿಗೆ ಹೋಗೈತೆ?” ಎಂದರು ಅಶ್ವತ್ಥಮ್ಮ.

“ಎಲ್ಲಿ ನಿಂತೈತಮ್ಮ? ಕೂತೈತೆ!” ಎಂದು ಗೋಡೆಯಾಚೆಯಿಂದ ತಲೆ ಎತ್ತಿದವರು ಪಕ್ಕದ ಮನೆ ಗಂಗುಲಪ್ಪ. ಇಪ್ಪತ್ತು ವರ್ಷ ಬಸ್ ಕಂಡಕ್ಟರಾಗಿದ್ದವರು. ಟಿಕೆಟ್ಟು ಹರಿದಷ್ಟೂ ವರ್ಷ ಎಂಜಿನ್ನಿನ ಪಕ್ಕದಲ್ಲಿದ್ದುದರಿಂದ ಮೋಟಾರು ವಿದ್ಯೆ ತನಗೆ ತಾನಾಗಿ ಬಂದಿದೆ ಎಂಬುದು ಅವರ ನಂಬಿಕೆ. “ಕಲ್ಲಿನ ಮೇಲಿದ್ರೆ ಕೂತಂಗೆ. ಚಕ್ರದ ಮೇಲಿದ್ರೆ ನಿಂತಂಗೆ. ವೆಂಕಟರವಣಪ್ಪನೋರು ತಿಳಿದೋರು, ಅಳೆದು ತೂಗಿ ಮಾತಾಡವ್ರೆ.”

ರಾಮಾಂಜಿನಪ್ಪನಿಗೂ ಅದು ಸರಿ ಎನ್ನಿಸಿತು. ನಾಲ್ಕು ಗಂಟೆಯೊಳಗೆ ಬಂಡಿ ತನ್ನ ಕಾಲ ಮೇಲೆ ನಿಲ್ಲಬೇಕು.

ಗಂಗುಲಪ್ಪ ನೆಲದಿಂದ ಅಚ್ಚಿನವರೆಗೆ ಗೇಣು ಹಾಕಿ, “ಒಂದೂವರೆ ಗೇಣು. ಅದರ ಎರಡರಷ್ಟು, ಮೂರು ಗೇಣು ಎತ್ತರದ ಚಕ್ರ ಬೇಕು,” ಎಂದು ತೀರ್ಪು ಕೊಟ್ಟರು. ಕಾರು ಕಲ್ಲಿನ ಮೇಲಿದೆ, ಆ ಎತ್ತರ ಕಲ್ಲಿನದು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಇಬ್ಬರೂ ಬಸ್‌ಸ್ಟ್ಯಾಂಡಿನ ಹಿಂದಿನ ಶೆಡ್ಡಿಗೆ ಓಡಿ, ಯಾವುದೋ ಹಳೇ ವ್ಯಾನಿನ ಎರಡು ಚಕ್ರಗಳನ್ನು ಉರುಳಿಸಿಕೊಂಡು ಬಂದರು. ನೋಡಿದರೆ ಕಾರಿನ ಬೋಲ್ಟು ಐದು, ಚಕ್ರದ ತೂತು ಆರು.

“ಒಂದು ಕಡಿಮೆ ಇದ್ರೆ ಕಷ್ಟ. ಜಾಸ್ತಿ ಇದ್ರೆ ಏನು ತೊಂದ್ರೆ?” ಎಂದರು ಗಂಗುಲಪ್ಪ.

ತೊಂದರೆ ಎಂದರೆ ಐದು ಬೋಲ್ಟಿನಲ್ಲಿ ಒಂದೇ ಒಂದು ತೂತಿನೊಳಗೆ ಹೋಯಿತು.

“ಒಂದು ಸಾಕು ಬಿಡಪ್ಪ. ಓಡ್ಬೇಕು ಅಂದೋರ್ಯಾರು? ನಿಂತ್ರೆ ಆಯ್ತು ತಾನೆ!”

ಎರಡು ಹಿಂದಕ್ಕಾಯಿತು. ಮುಂದಕ್ಕೆ ಅಶ್ವತ್ಥಮ್ಮನೇ ಒಂದು ಉಪಾಯ ಹೇಳಿದರು. ಮನೆಯಲ್ಲಿ ನೀರಿನ ಪೀಪಾಯಿ ತಳ್ಳುವ ಗಾಡಿಗೆ ಎರಡು ಪುಟ್ಟ ರಬ್ಬರ್ ಚಕ್ರ ಇದ್ದವು. ಅವನ್ನು ಮುಂದಿನ ಅಚ್ಚಿಗೆ ಕಂಬಿ ಸುತ್ತಿ ಬಿಗಿದರು. ಕಲ್ಲು ತೆಗೆದ ಕೂಡಲೇ ಕಾರು ಕೆರೆಯಲ್ಲಿ ನೀರು ಕುಡಿಯುವ ಎಮ್ಮೆಯ ಹಾಗೆ ಮೂತಿ ನೆಲಕ್ಕಿಟ್ಟು ಹಿಂಭಾಗ ಮೇಲೆತ್ತಿತು. ಒಳಗೆ ಕೂತಿದ್ದ ರಾಮಾಂಜಿನಪ್ಪ ಸೀಟಿನಿಂದ ಜಾರಿ ಪೆಡಲುಗಳ ಮೇಲೆ ಬಿದ್ದ.

“ಏನೂ ಆಗಿಲ್ಲ! ಸ್ಕಂದಗಿರಿ ಬೆಟ್ಟ ಹತ್ತುವಾಗ ಸಮ ಆಗ್ತದೆ!” ಎಂದು ಗಂಗುಲಪ್ಪ ಧೈರ್ಯ ಹೇಳುತ್ತಿದ್ದ ಹಾಗೆಯೇ ಕಾರು ನಿಧಾನವಾಗಿ ಹೊರಟಿತು. ಹಿತ್ತಲು ಸ್ವಲ್ಪ ಇಳಿಜಾರು. ರಾಮಾಂಜಿನಪ್ಪ ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಕಂಬಿ ಸುತ್ತಿದ ಚಕ್ರ ಕೇಳಲಿಲ್ಲ. ಗೋಡೆಗೆ ಒರಗಿಸಿದ್ದ, ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ಮೇಲೆ ಕಾರು ಹೋಗಿ ಒರಗಿತು. ಹಿಂದಿನ ಒಂದು ಚಕ್ರ ಕಳಚಿಕೊಂಡು, ಕೋಳಿಗಳನ್ನು ಓಡಿಸುತ್ತಾ, ಗೋಡೆಯ ಗಂಡಿಯಲ್ಲಿ ನುಸುಳಿ, ಗಂಗುಲಪ್ಪನವರ ಅಡುಗೆಮನೆಯನ್ನು ಹೊಕ್ಕಿತು. ಅಲ್ಲಿಂದ ಅವರ ಹೆಂಡತಿ ಕೂಗಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಗಂಟೆ ಒಂದಾಯಿತು. ರಾಮಾಂಜಿನಪ್ಪನಿಗೆ ಅಳು ಬಂತು. ಕಣ್ಣೊರೆಸಿಕೊಂಡು, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದ. ಟೈರು ಅಂಗಡಿಯ ಖಾದರ್ ಸಾಬರನ್ನು ಕರೆತಂದ.

ಖಾದರ್ ಸಾಬರು ಕಾರಿನ ಸುತ್ತ ಒಂದು ಸುತ್ತು ಬಂದು, ಕಂಬಿ ನೋಡಿ, ಪೀಪಾಯಿ ಚಕ್ರ ನೋಡಿ, ತಲೆಯ ಮೇಲೆ ಕೈಯಿಟ್ಟುಕೊಂಡರು.

“ಯಾರು ಸ್ವಾಮಿ ಇದನ್ನ ಮಾಡಿದ್ದು?”

ಗಂಗುಲಪ್ಪ ಗೋಡೆಯಾಚೆ ತಲೆ ತಗ್ಗಿಸಿದರು.

“ನೋಡಪ್ಪ, ಚಕ್ರ ಅಂದ್ರೆ ಎತ್ತರ ಒಂದೇ ಅಲ್ಲ. ಎಷ್ಟು ತೂತು, ತೂತಿಂದ ತೂತಿಗೆ ಎಷ್ಟು ದೂರ, ಅಚ್ಚಿನ ತುದಿಯ ಗುಂಬ ಚಕ್ರದೊಳಗೆ ಕೂರ್ತದಾ, ಟೈರು ಮಡ್‌ಗಾರ್ಡಿಗೆ ಉಜ್ಜದೆ ತಿರುಗ್ತದಾ, ಇಷ್ಟೂ ಕೂಡಿ ಬರ್ಬೇಕು. ನೀವು ಜಾತಕ ನೋಡಲ್ವಾ, ಹಂಗೆ. ಇದು ಹಳೇ ಕಾಲದ ಅಳತೆ. ಬೆಂಗಳೂರಲ್ಲಿ ಹುಡುಕಿದ್ರೂ ಒಂದು ತಿಂಗಳು ಬೇಕು.”

“ಸಾಬ್ರೇ, ನನಗಿರೋದು ಮೂರು ಗಂಟೆ!”

“ಹಂಗಾದ್ರೆ ಈ ತಾಲ್ಲೂಕಲ್ಲಿ ಇದಕ್ಕೆ ಸರಿಹೋಗೋ ಚಕ್ರ ಒಂದೇ ಕಡೆ ಐತೆ. ಬಯ್ಯಪ್ಪನ ಬಂಡೀಲಿ.”

ಕೋಲಾರದ ಅದೇ ಹರಾಜಿನಲ್ಲಿ, ಸೋದರಮಾವನ ಮೇಲಿನ ಹಟಕ್ಕೆ, ಅದರ ಜೋಡಿ ಕಾರನ್ನು ಕೊಂಡದ್ದು ಬಯ್ಯಪ್ಪನ ತಂದೆ. ಬಯ್ಯಪ್ಪ ದೂರದ ನಂಟ, ರಾಮಾಂಜಿನಪ್ಪನ ವಯಸ್ಸಿನವನೇ. ಒಂದು ಬಾವಿಯ ಜಗಳದಿಂದ ಎರಡು ಮನೆಗೂ ಆರು ವರ್ಷದಿಂದ ಮಾತಿರಲಿಲ್ಲ. ಆದರೆ ಕೋಸಂಬರಿಯ ನಗು ದೊಡ್ಡದು. ರಾಮಾಂಜಿನಪ್ಪ ಬಸ್‌ಸ್ಟ್ಯಾಂಡಿನ ದಾರಿಯಲ್ಲಿದ್ದ ಬಯ್ಯಪ್ಪನ ಮನೆಗೆ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಕೈಮುಗಿದ.

ಬಯ್ಯಪ್ಪ ಎದ್ದು ಬಂದು ಅವನ ಹೆಗಲ ಮೇಲೆ ಕೈಹಾಕಿದ. “ಒಂದು ಹುಡುಗಿ ಮನೆಗೆ ಬರೋ ವಿಷಯ, ಬಾವಿ ಜಗಳ ಬಾವೀಲೇ ಇರ್ಲಿ. ನಾಲ್ಕೂ ಬಿಚ್ಕೊಂಡು ಹೋಗೋ. ಮದುವೇಲಿ ನನಗೆ ಎರಡು ಹೋಳಿಗೆ ಜಾಸ್ತಿ ಹಾಕ್ಸು.”

ರಾಮಾಂಜಿನಪ್ಪನಿಗೆ ಎದೆ ತುಂಬಿ ಬಂತು. ಇಂಥವನ ಜೊತೆ ಆರು ವರ್ಷ ಮಾತು ಬಿಟ್ಟಿದ್ದೆನಲ್ಲ ಎಂದು ನಾಚಿಕೆಯೂ ಆಯಿತು. ಖಾದರ್ ಸಾಬರು ಬಯ್ಯಪ್ಪನ ಕಾರನ್ನು ಅವನ ಮನೆಯ ಮುಂದೆಯೇ ಕಲ್ಲುಗಳ ಮೇಲಿಳಿಸಿ, ಚಕ್ರಗಳನ್ನು ತಂದು ಇದಕ್ಕೆ ಜೋಡಿಸಿದರು. ಐದು ಬೋಲ್ಟು, ಐದು ತೂತು, ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಹೋಯಿತು. ಮಡ್‌ಗಾರ್ಡಿಗೂ ಟೈರಿಗೂ ನಡುವೆ ಸರಿಯಾಗಿ ಮೂರು ಬೆರಳು ಜಾಗ. ಎಂಜಿನ್ನು ಶುರುಮಾಡಿದರೆ ಕಾರು ಜುಂ ಎಂದು ಹೊರಟೇಬಿಟ್ಟಿತು. ರಾಮಾಂಜಿನಪ್ಪ ಬೀದಿಯಲ್ಲಿ ಎರಡು ಸುತ್ತು ಹೊಡೆದ. ಗಂಗುಲಪ್ಪ “ರೈಟ್, ರೈಟ್!” ಎಂದು ಕೂಗುತ್ತಾ ಹಿಂದೆಯೇ ಓಡಿದರು. ಅಶ್ವತ್ಥಮ್ಮ ನಾಲ್ಕು ಚಕ್ರಕ್ಕೂ ಕುಂಕುಮವಿಟ್ಟು ನಿಂಬೆಹಣ್ಣಿಟ್ಟರು.

ಸರಿಯಾಗಿ ನಾಲ್ಕಕ್ಕೆ ಬಂದ ವೆಂಕಟರವಣಪ್ಪನವರು ಮನೆ ನೋಡಿ ಮೆಚ್ಚಿದರು. ಹುಡುಗನನ್ನು ನೋಡಿ ಮೆಚ್ಚಿದರು. ಬಾಗಿಲಲ್ಲಿ ಮಿರಮಿರ ಹೊಳೆಯುತ್ತಿದ್ದ ಕಾರನ್ನು ನೋಡಿದ್ದೇ ಮುಖ ಸಣ್ಣದಾಯಿತು. ಉಪ್ಪಿಟ್ಟು ಅರ್ಧ ಬಿಟ್ಟರು.

“ಇದು ಓಡ್ತೈತೇನಪ್ಪ?”

“ಓಡ್ತೈತೆ ಮಾವ... ಅಲ್ಲ, ಸ್ವಾಮಿ! ಬನ್ನಿ, ಬಸ್‌ಸ್ಟ್ಯಾಂಡ್‌ವರೆಗೆ ನಾನೇ ಬಿಡ್ತೀನಿ!”

ಕಾರು ಎಲ್ಲೂ ಕೆಮ್ಮದೆ ಓಡಿತು. ಪಕ್ಕದಲ್ಲಿ ಕೂತವರು ನಿಟ್ಟುಸಿರು ಬಿಡುತ್ತಲೇ ಇದ್ದರು. ತಾಲ್ಲೂಕು ಕಚೇರಿ ದಾಟುವ ಹೊತ್ತಿಗೆ ರಾಮಾಂಜಿನಪ್ಪನಿಗೆ ತಡೆಯಲಾಗಲಿಲ್ಲ.

“ನೀವು ಹೇಳಿದ್ದಂಗೆ ಬಂಡಿ ನಿಲ್ಸಿದ್ದೀನಲ್ಲ ಸ್ವಾಮಿ. ಏನು ಕಮ್ಮಿ ಆಯ್ತು?”

“ನಿಲ್ಸಿದ್ದೀಯಾ? ಎಲ್ಲಪ್ಪ ನಿಂತೈತೆ, ಕುದುರೆ ಹಂಗೆ ಓಡ್ತಾ ಐತಲ್ಲ!” ಎಂದರು ವೆಂಕಟರವಣಪ್ಪನವರು. “ಮಾ ಪೆದ್ದಮ್ಮಾಯಿನ, ದೊಡ್ಡ ಮಗಳನ್ನ, ಓಡೋ ಬಂಡಿ ಇರೋನಿಗೆ ಕೊಟ್ಟೆ. ಅಳಿಯ ಮನೇಲೇ ಇರಲ್ಲ. ಊರಿನ ಬಾಣಂತೀರು, ಕಾಯಿಲೆಯೋರು, ನೆಂಟ್ರು, ಎಲ್ಲಾರೂ ಅವನ ಬಂಡೀಲೇ. ಅದು ಕೆಟ್ಟ ದಿವಸ ಹಿಂದೆ ತಳ್ಳೋಳು ನನ್ನ ಮಗಳು. ಅದಕ್ಕೇ ಚಿಕ್ಕೋಳಿಗೆ ಆವತ್ತೇ ತೀರ್ಮಾನ ಮಾಡಿದೆ. ಮರ್ಯಾದೆಗೆ ಬಾಗ್ಲಲ್ಲಿ ಒಂದು ಬಂಡಿ ಇರ್ಬೇಕು, ಆದ್ರೆ ಅದು ನಿಂತುಹೋಗಿರ್ಬೇಕು. ನಿಂದು ಮೂರು ವರ್ಷದಿಂದ ನಿಂತೈತೆ ಅಂತ ಆವುಲಪ್ಪ ಹೇಳ್ದಾಗ ಎಷ್ಟು ಖುಷಿಪಟ್ಟೆ ಗೊತ್ತಾ?”

ರಾಮಾಂಜಿನಪ್ಪ ಅವರ ಕಡೆಗೆ ತಿರುಗಿದ. “ಸ್ವಾಮಿ, ಬೆಳಿಗ್ಗೆವರೆಗೂ ನಿಂತಿತ್ತು! ದೇವರಾಣೆ! ಇವತ್ತು ರಾತ್ರಿನೇ ನಿಲ್ಸಿಬಿಡ್ತೀನಿ!”

“ನಾನೇ ಒಳಗೆ ಕೂತಿದ್ದೀನಲ್ಲಪ್ಪ, ಹೆಂಗೆ ನಂಬ್ಲಿ? ನೀನು ಒಳ್ಳೇ ಹುಡುಗ, ನಿನ್ನ ಬಂಡೀನೇ ಕೆಟ್ಟದ್ದು. ಆಪು ಆಪು, ನಿಲ್ಸು! ಅದ್ಯಾರ ಬಂಡಿ?”

ರಸ್ತೆಯ ಪಕ್ಕದಲ್ಲಿ, ನಾಲ್ಕು ಕಲ್ಲುಗಳ ಮೇಲೆ, ಅಲ್ಲಾಡಿಸಿದರೂ ಅಲ್ಲಾಡದಂತೆ ಕೂತಿತ್ತು ಒಂದು ಕಾರು. ಜಗಲಿಯ ಮೇಲೆ ಅದರ ಯಜಮಾನ ತಲೆ ಬಾಚಿಕೊಳ್ಳುತ್ತಿದ್ದ.

“ಬಯ್ಯಪ್ಪಂದು,” ಎಂದ ರಾಮಾಂಜಿನಪ್ಪ. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ.

“ಆಹಾ, ಹೆಂಗೆ ನಿಂತೈತೆ! ಮದುವೆ ಆಗೈತಾ ಅವರಿಗೆ?”

“ಇಲ್ಲ.”

“ನಮ್ಮೋರೇನಾ?”

“ನಮ್ಮೋರೇ.”

“ಒಂದು ಅರ್ಧ ಗಂಟೆ ಕಾಯ್ತೀಯೇನಪ್ಪ?” ಎಂದು ವೆಂಕಟರವಣಪ್ಪನವರು ಆಗಲೇ ಇಳಿದಿದ್ದರು.

ರಾಮಾಂಜಿನಪ್ಪ ಕಾದ. ಒಳಗಿನಿಂದ ಮೊದಲು ಮಾತು ಕೇಳಿಸಿತು, ಆಮೇಲೆ ನಗು, ಆಮೇಲೆ ತಟ್ಟೆ ಲೋಟಗಳ ಸದ್ದು. ಮುಕ್ಕಾಲು ಗಂಟೆಯಾದ ಮೇಲೆ ಬಯ್ಯಪ್ಪ ಹೊರಗೆ ಬಂದ. ಮುಖ ಕೆಂಪಗಿತ್ತು. ಕಾರಿನ ಕಿಟಕಿಗೆ ಬಗ್ಗಿ, ಮೆಲ್ಲಗೆ, ನಿಜವಾದ ಪ್ರೀತಿಯಿಂದಲೇ ಹೇಳಿದ:

“ಚಕ್ರ ವಾಪಸ್ ತರೋ ಯೋಚ್ನೆ ಮಾಡ್ಬೇಡ ಕಣೋ. ನೀನೇ ಇಟ್ಕೋ.”