ಚಿಕ್ಕಪ್ಪ ಮಠ ನೋಡಲು ಹೋದದ್ದು

ನಿಮಗೆ ಯಾರ ಮೇಲಾದರೂ ಹಗೆಯಿದ್ದರೆ ಹೇಳಿ, ನಮ್ಮ ಚಿಕ್ಕಪ್ಪನನ್ನು ಅವರ ಮನೆಗೆ ಕಳಿಸಿಕೊಡುತ್ತೇನೆ. ಚಿಕ್ಕಪ್ಪ ಜಗಳಗಂಟರೇನಲ್ಲ. ಬಹಳ ಒಳ್ಳೆಯವರು, ಅದೇ ತೊಂದರೆ. ಯಾರ ಮನೆಗೆ ಹೋದರೂ ಹತ್ತೇ ನಿಮಿಷದಲ್ಲಿ ಅಲ್ಲಿನ ಯಜಮಾನರಾಗಿಬಿಡುತ್ತಾರೆ. ಬಂದವರನ್ನು ಕೂರಿಸುವುದು, ಫ್ಯಾನು ಹಾಕುವುದು, ಒಳಗಿನಿಂದ ನೀರು ತರುವುದು ಎಲ್ಲ ಇವರೇ. ನಿಜವಾದ ಯಜಮಾನ ತನ್ನದೇ ಸೋಫಾದ ತುದಿಯಲ್ಲಿ ಮುದುಡಿ ಕುಳಿತು, "ನಂಗೆ ಸಕ್ಕರೆ ಕಮ್ಮಿ" ಎಂದು ಸಂಕೋಚದಿಂದ ಹೇಳುತ್ತಿರುತ್ತಾನೆ.

ಒಮ್ಮೆ ವಿಜಯನಗರದ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ಅಲ್ಲಿ ಕಾಯುತ್ತಿದ್ದವರಿಗೆಲ್ಲ ಧೈರ್ಯ ಹೇಳಿದರು, ಲವಂಗದ ಮಹಿಮೆ ವಿವರಿಸಿದರು, ಮೂವರನ್ನು ಹಲ್ಲು ಕೀಳಿಸದೆ ಮನೆಗೆ ಕಳಿಸಿದರು. ಅಂದಿನಿಂದ ಆ ಡಾಕ್ಟರು ಇವರೊಬ್ಬರಿಗೆ ಮಾತ್ರ ಬಾಗಿಲು ತೆಗೆಯುವುದಕ್ಕೂ ಮುಂಚಿನ ಸಮಯ ಕೊಡುತ್ತಾರೆ. ಇನ್ನೊಮ್ಮೆ ರಾಜಾಜಿನಗರದ ಛತ್ರವೊಂದರ ಬಾಗಿಲಲ್ಲಿ ನಿಂತು ಒಂದು ಗಂಟೆ ಪನ್ನೀರು ಚಿಮುಕಿಸಿದರು. ಹೆಣ್ಣಿನವರು ಇವರನ್ನು ಗಂಡಿನ ಕಡೆಯವರೆಂದುಕೊಂಡರು, ಗಂಡಿನವರು ಹೆಣ್ಣಿನ ಕಡೆಯವರೆಂದುಕೊಂಡರು. ನಾವು ಹೋಗಬೇಕಿದ್ದ ಮದುವೆ ಇದ್ದದ್ದು ಮೇಲಿನ ಮಹಡಿಯಲ್ಲಿ!

ಇಂಥವರು ಕಳೆದ ತಿಂಗಳು ಬಸವೇಶ್ವರನಗರದ ತಮ್ಮ ಮನೆಯಿಂದ ಒಂದೇ ಬೆಳಿಗ್ಗೆ ನನಗೆ ಮೂರು ಸಲ ಫೋನು ಮಾಡಿದರು. ಮಾಗಡಿ ರಸ್ತೆಯಲ್ಲಿ, ಬ್ಯಾಡರಹಳ್ಳಿ ದಾಟಿ ಬಹಳ ಮುಂದೆ, ಪಾಳೇಗಾರರ ಕಾಲದ ಹಳೆಯ ಮಠವೊಂದಿದೆಯಂತೆ. ಎಷ್ಟೋ ವರ್ಷದಿಂದ ಪಾಳುಬಿದ್ದಿದ್ದನ್ನು ಯಾರೋ ಪುಣ್ಯಾತ್ಮರು ರಿಪೇರಿ ಮಾಡಿಸಿ, ಆಧುನಿಕ ಕಲೆಯನ್ನು ತುಂಬಿ, ಅತಿಥಿಗಳಿಗೆ ಊಟ, ವಸತಿ ಏರ್ಪಾಡು ಮಾಡಿದ್ದಾರಂತೆ. ಅದನ್ನು ನೋಡಲೇಬೇಕಂತೆ. ಆಧುನಿಕ ಕಲೆಯ ಮೇಲೆ ಇವರಿಗೆ ಈ ವಯಸ್ಸಿನಲ್ಲಿ ಪ್ರೀತಿ ಹುಟ್ಟಿದ್ದೇಕೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ನಾಲ್ಕನೆಯ ಫೋನೂ ಬರುತ್ತಿತ್ತು.

ಭಾನುವಾರ ಕಾರಿನಲ್ಲಿ ಹೋದೆವು. ಮಠದ ಹೆಬ್ಬಾಗಿಲಲ್ಲಿ ಗದಗದ ಕಡೆಯ ಹುಡುಗಿಯೊಬ್ಬಳು ತಟ್ಟೆಯಲ್ಲಿ ಬೇಲದ ಹಣ್ಣಿನ ಪಾನಕ ಹಿಡಿದು ನಿಂತಿದ್ದಳು. ಅಲ್ಲಿಗೆ ಬಂದವರನ್ನು ಸ್ವಾಗತಿಸಿ ಎಲ್ಲ ತೋರಿಸುವುದು ಅವಳ ಕೆಲಸ. ಚಿಕ್ಕಪ್ಪ ಆ ತಟ್ಟೆಯನ್ನೇ ಕಿತ್ತುಕೊಂಡು, ನಮ್ಮ ಹಿಂದೆ ಬಂದವರಿಗೆಲ್ಲ ಹಂಚಿ, ದಾರಿ ಸುಲಭವಾಗಿ ಸಿಕ್ಕಿತೇ ಎಂದು ವಿಚಾರಿಸತೊಡಗಿದರು. "ಅಜ್ಜಾರ, ನೀವು ಅತಿಥಿ ಅದೀರಿ, ಕುಂದರ್ರಿ" ಎಂದು ಹುಡುಗಿ ಬೇಡಿಕೊಂಡಳು. ಚಿಕ್ಕಪ್ಪ ಅವಳ ಕೈಗೂ ಒಂದು ಲೋಟ ಕೊಟ್ಟರು.

ಒಳಗೆ ಕಲ್ಲಿನ ಕಂಬಗಳ ದೊಡ್ಡ ಹಜಾರ. ಸೂರಿನಿಂದ ತುಕ್ಕು ಹಿಡಿದ ಕಬ್ಬಿಣದ ಪಟ್ಟಿಗಳನ್ನು ನೂರಾರು ತಂತಿಗಳಲ್ಲಿ ತೂಗುಬಿಟ್ಟಿದ್ದರು. ಮಲ್ಲೇಶ್ವರದಿಂದ ಬಂದಿದ್ದ ಸಂಸಾರವೊಂದು ಅದರ ಕೆಳಗೆ ದಿಕ್ಕುತೋಚದೆ ನಿಂತಿತ್ತು. ಚಿಕ್ಕಪ್ಪ ಬಿಡುತ್ತಾರೆಯೇ? ಅರ್ಥವಾಗಲಿಲ್ಲವೆಂದು ಬೇಜಾರು ಮಾಡಿಕೊಳ್ಳಬಾರದು, ಹತ್ತು ನಿಮಿಷ ಸುಮ್ಮನೆ ನಿಂತರೆ ಅದೇ ನಮ್ಮ ಜೊತೆ ಮಾತಾಡುತ್ತದೆ ಎಂದು ಉಪದೇಶ ಮಾಡಿದರು. ಪಾಪ, ಅವರು ನಿಂತರು. ಆದರೆ ಚಿಕ್ಕಪ್ಪ ಬಾಯಿ ಮುಚ್ಚಿದರೆ ತಾನೆ ಅದು ಮಾತಾಡುವುದು? ಪಕ್ಕದಲ್ಲಿದ್ದ ಗಡ್ಡದ ವ್ಯಕ್ತಿಯೊಬ್ಬರು ಎಲ್ಲವನ್ನೂ ಶ್ರದ್ಧೆಯಿಂದ ಕೇಳಿ, ಕೊನೆಗೆ ಕೈಮುಗಿದು, "ಮಾಡ್ದೋನು ನಾನೇ ಸಾರ್. ಇಷ್ಟೆಲ್ಲ ಇದೆ ಅಂತ ನಂಗೂ ಗೊತ್ತಿರ್ಲಿಲ್ಲ" ಅಂದರು.

ಊಟದ ಮನೆಯಲ್ಲೂ ಇದೇ ಕಥೆ. ಕಂಚಿನ ತಟ್ಟೆಯ ನಡುವೆ ಎರಡು ತುತ್ತಿನಷ್ಟು ಮುದ್ದೆ, ಅದರ ಸುತ್ತ ರಂಗೋಲಿ ಎಳೆದಂತೆ ಸೊಪ್ಪಿನ ಸಾರು ಬಂತು. ಚಿಕ್ಕಪ್ಪ ಅಡುಗೆಮನೆಗೇ ನುಗ್ಗಿ, ಅಡುಗೆಯವರನ್ನು ಮನಸಾರೆ ಹೊಗಳಿ, ಎಲ್ಲ ಮೇಜಿಗೂ ಇನ್ನೊಂದೊಂದು ಮುದ್ದೆ ಮಂಜೂರು ಮಾಡಿಸಿಕೊಂಡು ಬಂದರು. ನಾಚಿಕೆಯಿಂದ ತಲೆ ತಗ್ಗಿಸಿದ್ದ ನಾನೂ ಎರಡನೆಯ ಮುದ್ದೆಯನ್ನು ಬೇಡವೆನ್ನಲಿಲ್ಲ.

ಊಟವಾದ ಮೇಲೆ ಚಿಕ್ಕಪ್ಪ, ಹಿಂದಿನ ಪಡಸಾಲೆ ಇದೆಯೇ ಎಂದು ಆ ಹುಡುಗಿಯನ್ನು ಕೇಳಿದರು. ಇದೆ ಎಂದು ಅವಳು ಕರೆದುಕೊಂಡು ಹೋದಳು. ದಾರಿಯಲ್ಲಿ ಕತ್ತಲೆಯ ಮೂಲೆಯೊಂದರಲ್ಲಿ ತೀರ ಗಿಡ್ಡ ಬಾಗಿಲು. ನನ್ನ ಹಣೆ ಚೌಕಟ್ಟಿಗೆ ಬಡಿಯಿತು. ಚಿಕ್ಕಪ್ಪ ಮಾತ್ರ ಬಾಗಿಲು ಕಾಣುವ ಮೊದಲೇ ತಲೆ ಬಗ್ಗಿಸಿದ್ದರು.

ಪಡಸಾಲೆಯ ಗೋಡೆಗೆಲ್ಲ ಹೊಸ ಸುಣ್ಣ. ಒಂದು ಕಡೆ ಮಾತ್ರ ಹಳೆಯ ಗೋಡೆಯನ್ನು ಹಾಗೇ ಬಿಟ್ಟು ಮೇಲೆ ಗಾಜು ಕೂರಿಸಿದ್ದರು. ಒಳಗೆ ಇದ್ದಿಲಿನಲ್ಲಿ ಬರೆದ ಚಿತ್ರ. ಸಾಲಾಗಿ ಮಲಗಿರುವ ಎಂಟು ಹುಡುಗರು, ಒಬ್ಬೊಬ್ಬನ ನಿದ್ದೆಯೂ ಬೇರೆ ಬೇರೆ. ಕೊನೆಯವನು ಎಲ್ಲರಿಗಿಂತ ಚಿಕ್ಕವನು, ಬಾಯಿ ತೆರೆದಿದ್ದಾನೆ, ಅವನ ಮೇಲೆ ಮಾತ್ರ ಎರಡು ಕಂಬಳಿ. ಕೆಳಗಿನ ಚೀಟಿಯಲ್ಲಿ 'ಕಲಾವಿದ: ಅಜ್ಞಾತ' ಎಂದಿತ್ತು. ಹಳೆಯ ಸುಣ್ಣದ ಪದರ ಕೆರೆಯುವಾಗ ಸಿಕ್ಕಿತು, ಯಾರು ಬರೆದದ್ದೋ ಯಾರಿಗೂ ಗೊತ್ತಿಲ್ಲ ಎಂದು ಹುಡುಗಿ ಹೇಳಿದಳು.

ಚಿಕ್ಕಪ್ಪ ಮಾತಾಡಲಿಲ್ಲ. ನನಗೆ ಗಾಬರಿಯಾಯಿತು.

"ಆ ಬಾಯಿ ತೆರ್ಕೊಂಡಿರೋನು ನಾನು ಕಣೇ" ಅಂದರು ಕೊನೆಗೆ. "ಎರಡನೇ ಕಂಬಳಿ ನಿಮ್ಮಪ್ಪಂದು."

ಅಪ್ಪ, ಚಿಕ್ಕಪ್ಪ ಯಾವುದೋ ಮಠದ ಹಾಸ್ಟೆಲಿನಲ್ಲಿದ್ದು ಓದಿದರೆಂದು ನನಗೆ ಗೊತ್ತಿತ್ತು. ಆ ಮಠ ಇದೇ ಎಂದು ಗೊತ್ತಿರಲಿಲ್ಲ. ಅಪ್ಪ ಚಿತ್ರ ಬರೆಯುತ್ತಿದ್ದರೆಂದಂತೂ ಗೊತ್ತೇ ಇರಲಿಲ್ಲ. ಚಿತ್ರ ಬರೆದ ಮಾರನೆಯ ದಿನವೇ ವಾರ್ಡನ್ನರು ಅಪ್ಪನ ಕೈಯಿಂದಲೇ ಅದರ ಮೇಲೆ ಸುಣ್ಣ ಬಳಿಸಿದರಂತೆ. ಮುಂದಿನ ವರ್ಷ ಮನೆಯವರಿಗೆ ಒಬ್ಬನನ್ನು ಮಾತ್ರ ಓದಿಸಲು ಸಾಧ್ಯ ಎಂದಾದಾಗ ಅಪ್ಪ ರಾಜಾಜಿನಗರದ ಕಾರ್ಖಾನೆಗೆ ಸೇರಿದರು. ಚಿಕ್ಕಪ್ಪ ಓದಿ, ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದರು. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವರ ಕೈಯಲ್ಲಿ ನಾನು ಸ್ಪ್ಯಾನರ್ ನೋಡಿದ್ದೇನೆ, ಕುಂಚ ನೋಡಿಲ್ಲ.

"ಅವರ ಹೆಸರೇನ್ರಿ, ಅಜ್ಜಾರ?" ಎಂದು ಹುಡುಗಿ ಮೆಲ್ಲಗೆ ಕೇಳಿದಳು.

ಚಿಕ್ಕಪ್ಪ ನನ್ನ ಕಡೆ ತಿರುಗಿದರು. ನಾನೇ ಹೇಳಿದೆ. ಅವಳು ಚೀಟಿಯನ್ನು ಹೊರತೆಗೆದು, 'ಅಜ್ಞಾತ' ಎಂಬುದನ್ನು ಹೊಡೆದು, ಪಕ್ಕದಲ್ಲಿ ಪೆನ್ನಿನಿಂದ ಅಪ್ಪನ ಹೆಸರನ್ನು ದುಂಡಗೆ ಬರೆದು, ಮತ್ತೆ ಅಲ್ಲೇ ಇಟ್ಟಳು.

ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ನಂಗೆ ಕಾಣಿಸ್ತಿಲ್ಲ, ಓದು" ಅಂದರು. ಓದಿದೆ.

"ಇನ್ನೊಂದ್ಸಲ ಓದು" ಅಂದರು.