ಮೈಲಿಗೆಯಿಲ್ಲದ ಕಂಬಳಿ ಮತ್ತು ವೇದಾವತಿಯ ಕೆಸರು

ರಸಾಯನಶಾಸ್ತ್ರದ ಮೇಷ್ಟ್ರಿಗೆ ಕಾಲೇಜಿನಲ್ಲಿ ಎಷ್ಟೇ ಮರ್ಯಾದೆಯಿರಲಿ, ಮನೆಯಲ್ಲಿ ಅವನ ಬೆಲೆ ಗೊತ್ತಾಗುವುದು ಒಂದು ತಟ್ಟೆ ಕೇಳಿದಾಗ. ನಾನು ಕೇಳಿದ್ದು ಬೆಳ್ಳಿ ತಟ್ಟೆಯಲ್ಲ, ಮೂಲೆಯಲ್ಲಿ ಬಿದ್ದಿದ್ದ ಹಳೆಯ ಹಿತ್ತಾಳೆಯದು. "ಯಾತಕ್ಕೋ?" ಎಂದರು ಅಮ್ಮ. "ಹೊಳೆ ಕೆಸರು ಒಣಗಿಸೋಕೆ" ಎಂದೆ. ಅವರು ನನ್ನನ್ನೊಮ್ಮೆ ನೋಡಿದರು, ತಟ್ಟೆಯನ್ನೊಮ್ಮೆ ನೋಡಿದರು, ಆಮೇಲೆ ತಟ್ಟೆಯನ್ನು ಒಳಗಿಟ್ಟುಕೊಂಡು ಅಡುಗೆಮನೆಯ ಬಾಗಿಲು ಹಾಕಿಕೊಂಡರು. ನಾನು ಕೆಸರಿನ ಜೊತೆ ಹೊರಗುಳಿದೆ.

ಈ ಕೆಸರಿನ ಹುಚ್ಚು ನನಗೆ ಹಿಡಿದದ್ದು ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ, ಹಿರಿಯೂರಿನಲ್ಲಿ. ವೇದಾವತಿ ಹೊಳೆ ಸೊರಗಿಹೋಗಿ, ಸ್ನಾನದ ಕಟ್ಟೆಯ ಹತ್ತಿರ ನಾತ ಹೊಡೆಯತೊಡಗಿತ್ತು. ಊರಿನ ದೊಡ್ಡವರು ಮೂಗು ಮುಚ್ಚಿಕೊಂಡೇ ತೀರ್ಮಾನಿಸಿದರು, ಇದೆಲ್ಲ ಕುರಿಯವರ ಕೆಲಸ ಎಂದು. ಆದಿವಾಲದ ಕಡೆಯ ಬೀರಣ್ಣ ಮತ್ತು ಅವನ ಅಣ್ಣತಮ್ಮಂದಿರು ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ಅಲ್ಲಿಯೇ ನೀರಿಗಿಳಿಸಿ ತೊಳೆಯುತ್ತಿದ್ದರು. ಅವರ ತಾತಂದಿರೂ ಹಾಗೆಯೇ ಮಾಡಿದ್ದರು. ಇನ್ನು ಮೇಲೆ ಕುರಿ ಹೊಳೆಗೇ ಇಳಿಯಕೂಡದೆಂದು ಸಭೆ ಸೇರಿಸಿ ನಿಶ್ಚಯಿಸುವುದೆಂದಾಯಿತು. ಬೀರಣ್ಣ ನಮ್ಮ ಜಗಲಿಯ ಮೇಲೆ ಬಂದು ಕೂತ.

"ತೊಳೀದೆ ಇರೋ ಉಣ್ಣೆ ಯಾರು ತಗಂತಾರೆ ಮೇಷ್ಟ್ರೇ? ಉಣ್ಣೆ ಹೋದ್ರೆ ನಮ್ ವರ್ಷನೇ ಹೋದಂಗೆ. ನೀವು ಓದಿದೋರು, ಈ ನಾತ ಯಾರ್ದು ಅಂತ ಕಂಡುಹಿಡಿಯಾಕೆ ಆಗಲ್ವೇನ್ರಿ?"

"ನೀವು ಓದಿದೋರು" ಎಂದು ಯಾರಾದರೂ ಅಂದರೆ ಮುಗಿಯಿತು, ನನಗೆ ತಲೆ ನಿಲ್ಲುವುದಿಲ್ಲ. ಹೊಳೆಗೆ ಬಿದ್ದದ್ದು ಕೊಳೆತು ಕೆಸರಾದರೂ ತನ್ನ ಹುಟ್ಟಿನ ಗುರುತು ಬಿಡುವುದಿಲ್ಲವೆಂದು ಆಗಷ್ಟೇ ಓದಿದ್ದೆ. ಎಲೆಯಲ್ಲಿ ಒಂದು ಬಗೆಯ ಮೇಣ, ಕುರಿಯ ಉಣ್ಣೆಯಲ್ಲಿ ಅದರದೇ ಜಿಡ್ಡು, ಮನುಷ್ಯ ಬೆಳಗ್ಗೆ ಚೊಂಬು ಹಿಡಿದು ಹೋಗಿ ಬಿಟ್ಟುಬರುವುದರಲ್ಲಿ ಬೇರೊಂದು ಜಾತಿಯ ಕೊಬ್ಬು. ಕೆಸರಿನಿಂದ ಇವನ್ನೆಲ್ಲ ಕರಗಿಸಿ ತೆಗೆದು ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಎಂಬ ಯಂತ್ರಕ್ಕೆ ಕೊಟ್ಟರೆ, ಅದರ ಪೆನ್ನು ಕಾಗದದ ಮೇಲೆ ಗುಡ್ಡಗಳ ಸಾಲು ಬರೆಯುತ್ತದೆ. ಯಾವ ಗುಡ್ಡ ಎಲ್ಲಿ ಎದ್ದಿತೆಂದು ನೋಡಿ ಕೆಸರಿನ ಕುಲಗೋತ್ರ ಹೇಳಬಹುದು. ಚಿತ್ರದುರ್ಗದ ಗುಡ್ಡಗಳ ನಡುವೆಯೇ ಬೆಳೆದ ನನಗೆ ಇದೇನು ಮಹಾ ಅನ್ನಿಸಿತು. ಯಂತ್ರವಿದ್ದದ್ದು ಬೆಂಗಳೂರಿನಲ್ಲಿ, ನನ್ನ ಸಹಪಾಠಿ ಶ್ರೀನಿವಾಸನ ಸುಪರ್ದಿನಲ್ಲಿ. "ನಿಮ್ಮ ಕುರಿಗಳದು ತಪ್ಪಿಲ್ಲ ಅಂತ ಯಂತ್ರದಿಂದಲೇ ಹೇಳಿಸ್ತೀನಿ, ನೋಡ್ತಾ ಇರಿ" ಎಂದುಬಿಟ್ಟೆ. ತನಿಖೆಗೆ ಮುಂಚೆಯೇ ತೀರ್ಪು ಕೊಟ್ಟ ವಿಜ್ಞಾನಿ ನಾನೊಬ್ಬನೇ ಇರಬೇಕು. ಬೀರಣ್ಣನಿಗೆ ಎಷ್ಟು ಖುಷಿಯಾಯಿತೆಂದರೆ, ಹೆಗಲ ಮೇಲಿದ್ದ ಹೊಸ ಕರಿಕಂಬಳಿಯನ್ನು ನನ್ನ ಕೈಗಿತ್ತು, ಬೇಡವೆಂದರೂ ಕೇಳದೆ ಹೊರಟುಹೋದ.

ಕಟ್ಟೆಯ ಬಳಿಯ ಕೆಸರು ತಂದೆ. ಮೇಲ್ಗಡೆ, ಕುರಿಯೇ ಕಾಲಿಡದ ಬಂಡೆಗಳ ಸಂದಿಯ ಕೆಸರನ್ನೂ ತಂದೆ. ಹೋಲಿಸಿ ನೋಡಲೆಂದು ಕಾಲೇಜಿನಲ್ಲಿ ಕೆಂಪಗೆ ಕಾಯಿಸಿ ತೊಳೆದ ಶುದ್ಧ ಮರಳೂ ಇತ್ತು. ಒಣಗಿಸುವುದು ಯಾವುದರ ಮೇಲೆ? ಬಾಗಿಲು ಹಾಕಿಕೊಂಡಿದ್ದ ಅಮ್ಮನಿಗೇ ಕೊನೆಗೆ ಕನಿಕರ ಬಂತು. "ಆ ಕಂಬಳಿ ಹಾಸಿಕೊಳ್ಳೋ. ಕಂಬಳಿಗೆ ಮೈಲಿಗೆಯಿಲ್ಲ" ಎಂದು ಒಳಗಿನಿಂದಲೇ ಹೇಳಿದರು. ನಮ್ಮ ಮನೆಯಲ್ಲಿ ಇದಕ್ಕೆ ಎದುರು ಮಾತಿಲ್ಲ. ರಾಮಗಿರಿಯ ಸೋದರತ್ತೆ ಬಸ್ಸಿನ ನೂಕುನುಗ್ಗಲಿನಲ್ಲಿ ಮಡಿ ಕೆಡಬಾರದೆಂದು ಉರಿಬಿಸಿಲಿನಲ್ಲೂ ಕಂಬಳಿ ಹೊದ್ದೇ ಬರುತ್ತಿದ್ದರು. ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿ ಇಳಿದರೂ ಮಡಿಯಾಗಿಯೇ ಇಳಿಯುತ್ತಿದ್ದರು. ನನಗೂ ಮನೆಯಲ್ಲಿ ಅದಕ್ಕಿಂತ ಶುದ್ಧವಾದದ್ದು ಹೊಳೆಯಲಿಲ್ಲ. ಕೆಸರನ್ನೂ ಮರಳನ್ನೂ ಕಂಬಳಿಯ ಮೇಲೆ ಬೇರೆಬೇರೆಯಾಗಿ ಹರವಿ, ಬಿಸಿಲಿನಲ್ಲಿ ಒಣಗಿಸಿ, ಅದರಲ್ಲೇ ಉಜ್ಜಿ ಪುಡಿಮಾಡಿ ಬೆಂಗಳೂರಿಗೆ ಕಳಿಸಿದೆ.

ಸಭೆಯ ದಿನ ಬೆಳಗ್ಗೆ ಶ್ರೀನಿವಾಸ ತಾನೇ ಬಸ್ಸಿನಲ್ಲಿ ಬಂದಿಳಿದ. ಯಂತ್ರ ಬರೆದ ಕಾಗದದ ಸುರುಳಿ ಬಿಚ್ಚಿ, "ಕುರಿ ಕಣೋ" ಎಂದ.

"ಬಂಡೆ ಹತ್ತಿರದ್ದರಲ್ಲಿ?"

"ಅಲ್ಲೂ ಕುರಿ."

"ಕಾಯಿಸಿದ ಮರಳಲ್ಲಿ?"

"ಅದರಲ್ಲಂತೂ ಕುರಿ ಬಿಟ್ಟು ಇನ್ನೇನೂ ಇಲ್ಲ. ಅಲ್ಲಯ್ಯಾ, ಇದನ್ನೆಲ್ಲ ಯಾವುದರ ಮೇಲೆ ಒಣಗಿಸಿದೆ?"

ನಾನು ಹೇಳುವ ಮುಂಚೆಯೇ ಹಗ್ಗದ ಮೇಲೆ ನೇತಾಡುತ್ತಿದ್ದ ಕಂಬಳಿಯನ್ನು ಅವನೇ ಕಂಡ. ಹೊಟ್ಟೆ ಹಿಡಿದುಕೊಂಡು ನಕ್ಕ. ಅಯ್ಯೋ ದೇವರೇ, ಆ ಮನುಷ್ಯ ಪ್ರೀತಿಯಿಂದ ಕೊಟ್ಟ ಕಂಬಳಿ ಅವನ ವಿರುದ್ಧವೇ ಸಾಕ್ಷಿ ಹೇಳಿತಲ್ಲ ಎಂದು ನನಗೆ ಅಳು ಬರುವಂತಾಯಿತು. ನಕ್ಕು ಸಾಕಾದ ಮೇಲೆ ಶ್ರೀನಿವಾಸ, "ಕಟ್ಟೆಯ ಕೆಸರಿನಲ್ಲಿ ಮಾತ್ರ ಇನ್ನೊಂದು ಗುಡ್ಡ ಇದೆ ನೋಡು. ಇದು ಕಂಬಳಿಯಿಂದ ಬರೋದಲ್ಲ" ಎಂದು ಬೆರಳಿಟ್ಟು ತೋರಿಸಿದ.

ಸಭೆಯ ಮುಖಂಡರು ಮಂಡಿ ವ್ಯಾಪಾರದ ರುದ್ರಪ್ಪನವರು. ಸುರುಳಿಯನ್ನು ಅವರ ಮುಂದೆ ಹರಡಿ ಕಂಬಳಿಯ ಕಥೆ ಹೇಳಿದೆ. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಬೀರಣ್ಣನೊಬ್ಬ ನಗಲಿಲ್ಲ. "ಆತು ಬಿಡ್ರಿ, ಆ ಗುಡ್ಡ ನಿಮ್ಮ ಕಂಬಳೀದು. ಈ ಎತ್ತರದ್ದು ಯಾರ್ದು?" ಎಂದರು ರುದ್ರಪ್ಪನವರು.

"ಮನುಷ್ಯರದು."

"ಯಾವ ಊರ ಮನುಷ್ಯರದ್ರಿ?"

"ನಮ್ಮದೇ. ನಮ್ಮ ಬೀದಿಯ ಚರಂಡಿ ಕಟ್ಟೆಯ ಪಕ್ಕದಲ್ಲೇ ಹೋಗಿ ಹೊಳೆಗೆ ಬೀಳುತ್ತಲ್ಲ" ಎಂದೆ. ಆ ಬೀದಿಯಲ್ಲಿ ಮೊದಲನೆಯ ಮನೆ ರುದ್ರಪ್ಪನವರದು, ಎದುರಿನದು ನನ್ನದು.

ನಗು ಪಟ್ಟನೆ ನಿಂತಿತು. ರುದ್ರಪ್ಪನವರು ಕೆಮ್ಮಿ, ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡು, "ಹೋಗ್ಲಿ ಬಿಡ್ರಪ್ಪ, ಈ ವಿಷ್ಯ ಇಲ್ಲಿಗೇ ಬಿಡಾಣ. ಬೀರಣ್ಣ, ನೀನು ಎಂದಿನಂಗೆ ಕುರಿ ಇಳಿಸ್ಕೋ" ಎಂದರು. ನಾನು ಗೆದ್ದವನಂತೆ ಬೀರಣ್ಣನ ಕಡೆ ನೋಡಿದೆ.

ಬೀರಣ್ಣ ಎದ್ದು ಕೈಮುಗಿದ. "ಬ್ಯಾಡ್ರಿ ಸಾಮಿ. ಇಷ್ಟು ದಿನ ಗೊತ್ತಿರ್ಲಿಲ್ಲ, ಇಳಿಸ್ತಿದ್ವಿ. ಅದು ನಿಮ್ದು ಅಂತ ಗೊತ್ತಾದ ಮ್ಯಾಲೆ ಕುರಿನ ಅದ್ರಾಗೆ ಹೆಂಗೆ ಇಳಿಸಾಣ? ಉಣ್ಣೆ ಕೆಡ್ತೈತೆ. ದೂರ ಆದ್ರೂ ಚಿಂತಿಲ್ಲ, ಮೇಲ್ಕಡೆ ಮಡುವಿಗೆ ಹೊಡ್ಕಂಡು ಹೋಗ್ತೀವಿ. ನೀವು ಬ್ಯಾಡ ಅನ್ನದಿದ್ರೆ ಸಾಕು."

ಯಾರೂ ಬೇಡವೆನ್ನಲಿಲ್ಲ. ಆ ಭಾನುವಾರದಿಂದ ನಾನೂ ಟವೆಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಮೇಲಿನ ಮಡುವಿಗೇ ಹೋಗತೊಡಗಿದೆ. ಬೀರಣ್ಣ ಕುರಿಗಳ ನಡುವಿನಿಂದಲೇ ಬಾಯಿತುಂಬ ಕರೆದ: "ಬರ್ರಿ ಮೇಷ್ಟ್ರೇ, ಬರ್ರಿ! ಆದ್ರೆ ಒಂದೀಟು ಕೆಳಾಕೆ ನಿಂತ್ಕಳ್ರಿ, ಇಲ್ಲಿ ಕುರಿ ತೊಳೀತಾ ಇದೀವಿ."

ನಾನು ಕೆಳಕ್ಕೆ ಹೋಗಿ ನಿಂತೆ.