ಹಿತ್ತಲ ಪುಂಡಿಯ ಪಂಚನಾಮೆ

ಮುಷ್ಟಿ ತುಂಬ ಪುಂಡಿ ಬೀಜವನ್ನು ಗಂಡನ ಕೈಗೆ ನಂಬಿ ಕೊಟ್ಟವಳದು ತಪ್ಪೋ, ತೆಗೆದುಕೊಂಡವನದು ತಪ್ಪೋ, ನೀವೇ ಹೇಳಿ. ನಮ್ಮ ಮನೆಯಲ್ಲಂತೂ ತೀರ್ಪು ಆಗಿಹೋಗಿದೆ, ಮೇಲ್ಮನವಿಗೆ ಅವಕಾಶವಿಲ್ಲ.

ನಾನು ಶಹಾಪುರದ ಹತ್ತಿ ಮಿಲ್ಲೊಂದರ ಗುಮಾಸ್ತ, ಹೆಸರು ಲಕ್ಷ್ಮಿಕಾಂತ. ಹುಳಿಸೊಪ್ಪಿನ ಪುಂಡಿಪಲ್ಯವನ್ನು ರೊಟ್ಟಿಯ ಮೇಲೆ ಬಲ್ಲೆನೇ ಹೊರತು ಗಿಡದ ಮೇಲೆ ಬಲ್ಲವನಲ್ಲ. ಹೆಂಡತಿ ನಂದಿನಿ ತಂಗಿಯ ಬಾಣಂತನಕ್ಕೆಂದು ತವರೂರು ಸಗರಕ್ಕೆ ಹೊರಟು ನಿಂತಾಗ ಬಟ್ಟೆಯ ಗಂಟೊಂದನ್ನು ನನ್ನ ಅಂಗೈಯಲ್ಲಿಟ್ಟಳು.

“ನಮ್ಮವ್ವ ವರ್ಷಾ ವರ್ಷಾ ಕಾಯ್ದಿಟ್ಟ ಕೆಂಪ ದಂಟಿನ ಪುಂಡಿ ಬೀಜ ಐತ್ರಿ. ಈ ಸಲ ಅವ್ರ ಹೊಲದಾಗ ಹಾಕಿಲ್ಲ, ಇಷ್ಟ ಉಳದಾವ. ಹಿತ್ತಲದಾಗ ಬಿತ್ತಿ ಸುಮ್ನ ಇರ್ರಿ. ತಿಳೀತ? ಸುಮ್ನ ಇರ್ರಿ.”

ಬಿತ್ತುವುದು ನನ್ನಿಂದ ಆಯಿತು. ಸುಮ್ಮನಿರುವುದು ಆಗಲಿಲ್ಲ.

ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಲಿಗೆ ಹೋಗಿ ನೋಡುವೆ, ನೆಲ ಬೋಳು. ಮಿಲ್ಲಿನಿಂದ ಊಟಕ್ಕೆ ಬಂದಾಗ ನೋಡುವೆ, ಬೋಳು. (ನನ್ನ ತಲೆಯಂತೆಯೇ ಎಂದು ನಂದಿನಿ ಅನ್ನುತ್ತಿದ್ದಳು, ಇದ್ದಿದ್ದರೆ.) ಪಕ್ಕದ ಮನೆಯ ಅರುಣಕುಮಾರ, ಮೊಬೈಲಿನಲ್ಲಿ ವಿಡಿಯೋ ನೋಡಿಯೇ ಸಕಲ ಶಾಸ್ತ್ರಗಳಲ್ಲಿ ಪಾರಂಗತನಾದವನು, ಕಾಂಪೌಂಡಿನ ಮೇಲಿಂದ ಕತ್ತು ಚಾಚಿದ.

“ಆಳಕ್ಕ ಬಿದ್ದಾವ್ರಿ ಬೀಜ. ಮ್ಯಾಲಕ್ಕ ತರ್ರಿ.”

ಒಂದೊಂದನ್ನೇ ಅಗೆದು ಮೇಲಕ್ಕೆ ತಂದೆ. ಇರುವೆಗಳು ಮೆರವಣಿಗೆ ಬಂದು ಅರ್ಧ ಸಂಸಾರವನ್ನೇ ಹೊತ್ತೊಯ್ದವು. ಮತ್ತೆ ಕೆಳಕ್ಕೆ ಒತ್ತಿದೆ.

“ಎರಿ ಮಣ್ಣು ಹೆಪ್ಪಗಟ್ಟೈತಿ, ಬೀಜಕ್ಕ ಉಸಿರಿಲ್ಲ.”

ಇಡ್ಲಿ ಚಮಚದಿಂದ ಮಣ್ಣು ಕೆದಕಿದೆ.

“ನೀರು ಕಡಿಮಿ ಆತು.”

ಕೊಡಗಟ್ಟಲೆ ಸುರಿದೆ.

“ಇಷ್ಟ ನೀರು ಹಾಕಿದ್ರ ಕೊಳಿತಾವಲ್ರಿ!”

ಕಡೆಗೆ ಉಳಿದ ಬೀಜಗಳನ್ನು ಆಯ್ದು ಒದ್ದೆ ಕರವಸ್ತ್ರದಲ್ಲಿ ಸುತ್ತಿ, ಬೆಚ್ಚಗಿರಲೆಂದು ಫ್ರಿಜ್ಜಿನ ಹಿಂದೆ ಬಿಸಿಗಾಳಿ ಬರುವಲ್ಲಿ ಮಲಗಿಸಿದೆ. ಬಾಣಂತಿಯ ಆರೈಕೆ ಸಗರದಲ್ಲಿ ಅಲ್ಲ, ಶಹಾಪುರದಲ್ಲಿ ನಡೆದಿತ್ತು ಅನ್ನಿ. ಗಳಿಗೆಗೊಮ್ಮೆ ಬಿಚ್ಚಿ ನೋಡುತ್ತಿದ್ದೆ. ಒಂದು ದಿನ ಬಿಚ್ಚಿದರೆ ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಅತ್ತೆಯವರ ವಂಶಪಾರಂಪರ್ಯದ ಬೀಜವು ಲೋಳೆಯಲ್ಲಿ ಲೀನವಾಗಿತ್ತು.

ಅದೇ ಹೊತ್ತಿಗೆ ನಂದಿನಿಯ ಫೋನು.

“ಹುಟ್ಯಾವೇನ್ರಿ?”

“ಹುಟ್ಯಾವ, ಹುಟ್ಯಾವ!” ಎಂದೆ. ಬಾಯಿ ನನ್ನ ಅನುಮತಿ ಕೇಳಲಿಲ್ಲ.

ಸುಳ್ಳಿನ ಬೀಜಕ್ಕೆ ನೀರು ಬೇಡ, ಬಿಸಿಲು ಬೇಡ; ಹಾಕಿದಲ್ಲೇ ಮೊಳೆಯುತ್ತದೆ. ಮರುದಿನ ಅದಕ್ಕೆ ಎರಡೆಲೆ ಬಂತು, ವಾರದೊಳಗೆ ಗೇಣುದ್ದವಾಯಿತು. “ನಮ್ಮವ್ವ ಕೇಳಿ ಭಾಳ ಖುಷಿ ಆಗ್ಯಾಳ್ರಿ, ಬರೂವಾಗ ಆಕಿನೂ ಬರ್ತಾಳಂತ” ಎಂದಳು ನಂದಿನಿ. ನನ್ನ ಎದೆಯಲ್ಲಿ ಹತ್ತಿ ಮಿಲ್ಲಿನ ಯಂತ್ರ ಶುರುವಾಯಿತು.

ರಜೆ ಹಾಕಿ ಕೆಂಭಾವಿ ಸಂತೆಗೆ ಓಡಿದೆ. ಅಲ್ಲೊಬ್ಬ ಮುದುಕ ಗೋಣಿತಟ್ಟಿನ ಮೇಲೆ ಬೀಜಗಳ ಗುಡ್ಡೆ ಹಾಕಿಕೊಂಡು ಕೂತಿದ್ದ. “ಇದು ಪುಂಡಿ ಏನಜ್ಜಾ?” ಎಂದೆ. ತಲೆಯಾಡಿಸಿದ. ಚೀಲಕ್ಕೆ ಹಾಕಿಸಿಕೊಂಡು ಹೊರಟೆ. ಹಿಂದೆಯೇ ಬಂದವನೊಬ್ಬ ಅದೇ ಗುಡ್ಡೆ ತೋರಿಸಿ “ಇದು ಗಜ್ಜರಿ ಬೀಜ ಏನು?” ಎಂದು ಕೇಳಿದಾಗಲೂ ಮುದುಕ ಹಾಗೆಯೇ ತಲೆಯಾಡಿಸಿದ್ದು ಕಂಡಿತು. ಬಸ್ಸು ಹೊರಡುತ್ತಿತ್ತು, ನಾನು ಮರಳಿ ನೋಡಲಿಲ್ಲ.

ಈ ಬೀಜ ಬಿತ್ತಿ, ಸುಮ್ಮನಿರಲು ಬೇರೆ ದಾರಿ ಕಾಣದೆ, ಹಿತ್ತಲ ಬಾಗಿಲಿಗೇ ಬೀಗ ಹಾಕಿಕೊಂಡೆ. ಆಗ ಹುಟ್ಟಿದವು ನೋಡಿ! ದುಂಡನೆಯ ಎಲೆ, ಕೆಂಪು ದಂಟು. ಕುಣಿದಾಡಿದೆ. ಬಾಣಂತನ ಬೆಳೆಯಿತು, ಗಿಡಗಳೂ ಬೆಳೆದವು. ಮೊಣಕಾಲು ದಾಟಿದ ಮೇಲೆ ಒಂದು ವಿಚಿತ್ರ ಕಂಡೆ. ಕೆಳಗೆ ದುಂಡಗಿದ್ದ ಎಲೆ ಮೇಲಕ್ಕೆ ಹೋದಂತೆ ಸೀಳಿ, ಬೆರಳು ಬಿಟ್ಟಿತ್ತು.

ನಾನು ಕಿತ್ತುಕೊಟ್ಟ ಎಲೆಯನ್ನು ಅರುಣಕುಮಾರ ಕಾಂಪೌಂಡಿನಾಚೆ ಮೊಬೈಲಿನ ಪಕ್ಕ ಹಿಡಿದ. ಮುಖ ಬಿಳುಚಿತು.

“ಗುಮಾಸ್ತರ, ಐದು ಬೆರಳು, ಅಂಚಿಗೆ ಗರಗಸ. ಇಲ್ಲಿ ಚಿತ್ರ ನೋಡ್ರಿ. ಇದು ಗಾಂಜಾ!”

“ಪುಂಡಿ ಐತೋ ಮಾರಾಯಾ!”

“ಪುಂಡಿನೋ ಪುಂಡಾಟನೋ, ಬೀಜ ಕೊಟ್ಟಾವ ಯಾರು?”

ತಲೆಯಾಡಿಸುವ ಮುದುಕ ಕಣ್ಣ ಮುಂದೆ ಬಂದ. ಅರುಣಕುಮಾರ ತನ್ನ ಕೈಯ ಎಲೆಯನ್ನು ನಮ್ಮ ಹಿತ್ತಲಿಗೆ ಒಗೆದು, ಕೈ ತೊಳೆದುಕೊಂಡು, “ನಾ ಏನೂ ನೋಡಿಲ್ರಿ. ತಾವ ಹೋಗಿ ಒಪ್ಪಿಕೊಂಡ್ರ ಶಿಕ್ಷಿ ಕಡಿಮಿ ಅಂತಾರ” ಎಂದು ಒಳಗೆ ಹೋಗಿ ಚಿಲಕ ಹಾಕಿಕೊಂಡ.

ಎಲ್ಲವನ್ನೂ ಬೇರುಸಹಿತ ಕಿತ್ತೆ. ಮಂಚದ ಕೆಳಗೆ ತುರುಕಿದೆ; ಕಾಣುತ್ತಿತ್ತು. ನೀರಿನ ಡ್ರಮ್ಮಿಗೆ ಹಾಕಿದೆ, ತೇಲಿತು. ಬಟ್ಟೆ ಒಗೆಯುವ ಯಂತ್ರದೊಳಗಿಟ್ಟು ಮುಚ್ಚಳದ ಮೇಲೆ ಕೂತೆ, ಕೂರಲಾಗಲಿಲ್ಲ. ಬೀದಿಯಲ್ಲಿ ಹಾಲಿನವನ ಗಂಟೆ ಕೇಳಿದರೂ ಬೇಡಿಯ ಸದ್ದು. ಕೊನೆಗೆ ನಾನೇ ಠಾಣೆಗೆ ಫೋನ್ ಮಾಡಿ, “ಒಂದು ಗಂಭೀರ ಅಪರಾಧ ಆಗೇತ್ರಿ, ಆರೋಪಿ ನಾನೇ” ಎಂದೆ.

ಜೀಪು ಬಂತು. ಜೀಪಿನ ಹಿಂದೆ ಇಡೀ ಓಣಿ ಬಂತು. ಹೆಡ್ ಕಾನ್‌ಸ್ಟೆಬಲ್ ದುರ್ಗಾದೇವಿ ಇಳಿದರು. ಗಟ್ಟಿ ಆಳು, ಗಟ್ಟಿ ದನಿ.

“ಎಲ್ಲೈತ್ರಿ ಮಾಲು?”

ಯಂತ್ರದಿಂದ ತೆಗೆದು ಕಟ್ಟೆಯ ಮೇಲೆ ಗುಡ್ಡೆ ಹಾಕಿದೆ. ಆಕೆ ಒಂದು ಎಲೆ ಹರಿದು, ಮೂಸಿ, ಬಾಯಿಗೆ ಹಾಕಿಕೊಂಡರು.

“ಮೇಡಂ! ಸಾಕ್ಷಿ ತಿನ್ನಬ್ಯಾಡ್ರಿ!” ಎಂದು ಚೀರಿದೆ.

ಆಕೆ ನಿಧಾನವಾಗಿ ಅಗಿದರು. “ಹುಳಿ ಐತಿ. ಇದು ಪುಂಡಿರೀ, ಯಪ್ಪಾ. ಬಲತ ಮ್ಯಾಲ ಎಲಿ ಹಿಂಗ ಸೀಳತಾವ. ಎಳೇದಿದ್ದಾಗ ಕಿತ್ತಿದ್ರ ಪಲ್ಯ ಇನ್ನೂ ಛಲೋ ಆಗ್ತಿತ್ತು.”

ಓಣಿ ನಗತೊಡಗಿತು. ನಾನೂ ನಕ್ಕೆ, ನಿರಪರಾಧಿಯ ನಗು! ಆ ನಗು ಬಾಯಲ್ಲಿರುವಾಗಲೇ ಜನರನ್ನು ಸರಿಸಿಕೊಂಡು ನಂದಿನಿ, ಅವಳ ಹಿಂದೆ ಅತ್ತೆ ಅಮೃತಮ್ಮ ಚೀಲ ಹಿಡಿದು ಒಳಗೆ ಬಂದರು. ಜೀಪು ನೋಡಿ ನಂದಿನಿ ಅಳುವ ಹಂತದಲ್ಲಿದ್ದಳು. ದುರ್ಗಾದೇವಿ ವಿಷಯ ತಿಳಿಸಿದ ಮೇಲೆ ಅಳು ಬೇರೆ ಕಡೆ ತಿರುಗಿತು.

“ನಮ್ಮವ್ವನ ಪುಂಡಿ ಬೇರಿಗಿ ಕಿತ್ತೀರೇನ್ರಿ?”

ಅತ್ತೆ ಗುಡ್ಡೆಯ ಮುಂದೆ ಕೂತು ಒಂದು ದಂಟನ್ನು ಉಗುರಿನಿಂದ ಗೀರಿದರು, ಎಲೆಯೊಂದನ್ನು ನಾಲಿಗೆಗೆ ಮುಟ್ಟಿಸಿದರು. ಆಮೇಲೆ ನನ್ನನ್ನು ನೋಡಿದರು.

“ಇದು ನನ್ನ ಬೀಜ ಅಲ್ಲ, ಅಳಿಯಂದ್ರ. ನಂದು ಏನಾತು?”

ಓಣಿ ಒಂದು ಹೆಜ್ಜೆ ಮುಂದೆ ಬಂತು. ನಂದಿನಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನಾನು ಜೀಪಿನ ಕಡೆ ಸರಿದು ದುರ್ಗಾದೇವಿಯವರಿಗೆ ಕೈ ಮುಗಿದೆ.

“ಮೇಡಂ, ನನ್ನ ಠಾಣೆಗೆ ಕರ್ಕೊಂಡು ಹೋಗ್ರಿ. ಒಂದು ರಾತ್ರಿ ಸಾಕು.”

ಆಕೆ ಒಂದು ಹಿಡಿ ಪುಂಡಿಯನ್ನು ಮಡಿಲಿಗೆ ಹಾಕಿಕೊಂಡು, ಅತ್ತೆಯ ಪಕ್ಕದಲ್ಲಿ ಕಟ್ಟೆಯ ಮೇಲೆ ಆರಾಮಾಗಿ ಕೂತು, ಎಲೆ ಬಿಡಿಸತೊಡಗಿದರು.

“ಇದು ನಮ್ಮ ಸರಹದ್ದಿಗಿ ಬರಂಗಿಲ್ರಿ” ಎಂದರು. “ನೀವು ಒಳಗ ನಡೀರಿ.”